ಮಷೀನೂ ಬ್ಯಾಡ ಅಂದಿತು

ಮೊನ್ನೆ ನಮ್ಮ ಕಾಲೇಜಿನ ಆಫೀಸಿನಲ್ಲಿ ಒಂದು ಸಣ್ಣ ಗಾಬರಿ ನಡೆಯಿತು. ಹೊಸದಾಗಿ ಕೆಲಸಕ್ಕೆ ಸೇರಿದ ಅಶ್ವಿನಿ ಕಾಲೇಜಿನ ವಾರ್ಷಿಕೋತ್ಸವದ, ಅಂದರೆ ಗ್ಯಾದರಿಂಗಿನ, ಫೋಟೋಗಳ ಮುಂದೆ ಕೂತಿದ್ದಳು. ಫೋಟೋದ ಹೆಸರಿನ ಕೊನೆಗೆ ಜೆಪಿಇಜಿ ಅಂತ ಇದ್ದರೆ ಪ್ರೆಸ್ಸಿನವರ ಮಷೀನು ತೆಗೆದುಕೊಳ್ಳುವುದಿಲ್ಲವಂತೆ, ಜೆಪಿಜಿ ಅಂತ ಇರಬೇಕಂತೆ. ಪಾಪ, ಒಂದೊಂದೇ ಫೋಟೋ ಹಿಡಿದು ಅದರ ಬಾಲ ಕತ್ತರಿಸಿ ಹೊಸ ಬಾಲ ಅಂಟಿಸುತ್ತಿದ್ದಳು. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸಿದ ಹಾಗೆ. ನನಗೆ ನೋಡಿ ನೋಡಿ ಕೈ ಕಡಿಯಹತ್ತಿತು. "ಸ್ವಲ್ಪ ಸರಿಯವ್ವಾ" ಅಂದು, ಕಪ್ಪು ಕಿಟಕಿ ತೆರೆದು, ಒಂದು ಸಾಲು ಹೊಡೆದು ಎಂಟರ್ ಒತ್ತಿದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲ ಫೋಟೋಗಳ ಬಾಲವೂ ಬದಲಾಯಿತು.

ಅಶ್ವಿನಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಮೇಡಂ, ವೈರಸ್ ಬಂತೇನ್ರೀ?"

"ವೈರಸ್ ಅಲ್ಲವಾ, ಡಾಸ್ ಕಮಾಂಡು."

"ಡಾಸ್ ಅಂದ್ರ?"

ಈ ಸಲ ಎದೆ ಹಿಡಿದುಕೊಳ್ಳುವ ಸರದಿ ನನ್ನದಾಯಿತು. ನಾನು ಹೊಟ್ಟೆ ಹೊರೆದ ವಿದ್ಯೆಯ ಹೆಸರೇ ಈ ಹುಡುಗಿಗೆ ಗೊತ್ತಿಲ್ಲ! ಪುರಾತತ್ವ ಇಲಾಖೆಯವರು ನನ್ನನ್ನು ಅಗೆದು ತೆಗೆದು ಮೇಜಿನ ಮೇಲೆ ಇಟ್ಟ ಹಾಗೆ ಅನಿಸಿತು.

ನಿಮಗೂ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ನಾನು ಕಲಿತ ಕಾಲದ ಕಂಪ್ಯೂಟರಿನಲ್ಲಿ ಚಿತ್ರ ಇರಲಿಲ್ಲ, ಬಣ್ಣ ಇರಲಿಲ್ಲ, ಮೌಸ್ ಎಂಬ ಇಲಿಯೂ ಇರಲಿಲ್ಲ. ಕರಿ ಹಲಗೆಯಂಥ ಪರದೆ. ಅದರ ಮೂಲೆಯಲ್ಲಿ ‘ಸಿ’ ಎಂಬ ಒಂದು ಅಕ್ಷರ, ಅದರ ಪಕ್ಕ ಮಿಣಮಿಣ ಅನ್ನುವ ಒಂದು ಗೀಟು. ಅಷ್ಟೇ. ಅದು ಕಾಯುತ್ತಿರುತ್ತದೆ. ನೀವು ಆಜ್ಞೆ ಕೊಡಬೇಕು. ಆಜ್ಞೆಯ ಮಾತು ಅದಕ್ಕೆ ಗೊತ್ತಿದ್ದರೆ ಕೆಲಸ ಮಾಡುತ್ತದೆ. ಗೊತ್ತಿಲ್ಲದಿದ್ದರೆ ‘ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಮೊದಲ ದಿನ ನಾನು ಮರ್ಯಾದೆಯಿಂದ ‘ಗುಡ್ ಮಾರ್ನಿಂಗ್’ ಅಂತ ಹೊಡೆದಿದ್ದೆ. ಅದಕ್ಕೂ ಅದೇ ಬೈಗುಳ. ಹೀಗೂ ಒಂದು ಯಂತ್ರ ಇರುತ್ತದೆಯೇ ಅಂತ ದಂಗಾದೆ.

ಆದರೂ ಅದರ ಮುಂದೆ ಕೂಡುವುದೆಂದರೆ ನನಗೆ ಹಬ್ಬ. ಕಾರಣ ಹೇಳಿದರೆ ನಗಬೇಡಿ. ನಮ್ಮ ಮನೆಯಲ್ಲಿ ಆಜ್ಞೆ ಎಂಬುದು ಮೇಲಿನಿಂದ ಕೆಳಕ್ಕೆ ಬರುವ ಪದಾರ್ಥ. ಅಪ್ಪನ ಬಾಯಿಂದ ಹೊರಟು, ಅವ್ವನನ್ನು ಹಾದು, ನನ್ನ ಮೇಲೆ ಬಂದು ಬೀಳುತ್ತಿತ್ತು. ನೀರು ತಾ. ಬಾಗಿಲ ಹಾಕು. ಗಪ್ಪ ಕೂಡು. ನನ್ನ ಕೆಳಗೆ ಯಾರೂ ಇರಲಿಲ್ಲ, ಬೆಕ್ಕೊಂದಿತ್ತು, ಅದು ಕೇಳುತ್ತಿರಲಿಲ್ಲ. ಹಾಗಿರುವಾಗ ಹುಟ್ಟಿದಾಗಿನಿಂದ ಮೊದಲ ಸಲ ಒಂದು ವಸ್ತು ನನ್ನ ಹುಕುಮಿಗಾಗಿ ಕಣ್ಣು ಮಿಟುಕಿಸುತ್ತ ಕಾಯುತ್ತಿತ್ತು! ‘ಡಿಐಆರ್’ ಅಂದರೆ ತನ್ನ ಹೊಟ್ಟೆಯಲ್ಲಿ ಇದ್ದದ್ದನ್ನೆಲ್ಲ ಸಾಲುಸಾಲಾಗಿ ತೋರಿಸುತ್ತಿತ್ತು. ‘ಸಿಎಲ್‌ಎಸ್’ ಅಂದರೆ ನೆಲ ಸಾರಿಸಿದ ಹಾಗೆ ಪರದೆ ಸಾಫ್.

ಕೋರ್ಸ್ ಮುಗಿಸಿದ ಮೇಲೆ, ಕಲಿತ ಸೆಂಟರಿನಲ್ಲೇ ಕಲಿಸುವ ಕೆಲಸ ಸಿಕ್ಕಿತು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಮೆಹಬೂಬ್ ಸರ್ ಅವರ ಸೆಂಟರ್. ತೊಂಬತ್ತರ ದಶಕದ ಮಾತು. ಕಂಪ್ಯೂಟರಿಗೆ ಧೂಳು ಆಗುವುದಿಲ್ಲ, ಬಿಸಿ ಆಗುವುದಿಲ್ಲ ಎಂದು ಆ ಕೋಣೆಗೆ ಕಾರ್ಪೆಟ್ ಹಾಸಿ ಏಸಿ ಕೂಡಿಸಿದ್ದರು. ಚಪ್ಪಲಿ ಬಾಗಿಲಾಚೆ ಬಿಡಬೇಕು. ದೇವರ ಮನೆಗೆ ಹೋಗುವ ಹಾಗೆ ಹುಡುಗರು ಮೆಲ್ಲಗೆ ಒಳಗೆ ಬರುತ್ತಿದ್ದರು. ಮೊದಮೊದಲು ಎಲ್ಲರಿಗೂ ಹೆದರಿಕೆ. ಡ್ರೈವಿನಲ್ಲಿ ಫ್ಲಾಪಿ ಹಾಕದೆ ಏನಾದರೂ ಹೊಡೆದರೆ ಪರದೆಯ ಮೇಲೆ ‘ಅಬಾರ್ಟ್, ರಿಟ್ರೈ, ಫೇಲ್?’ ಅಂತ ಬರುತ್ತಿತ್ತು. ಒಬ್ಬ ಹುಡುಗಿ ಅದನ್ನು ಕಂಡು ಬಿಕ್ಕಿ ಬಿಕ್ಕಿ ಅಳಹತ್ತಿದಳು. ಯಾಕವ್ವಾ ಅಂದರೆ, "ಇನ್ನಾ ಪರೀಕ್ಷಾನೇ ಕೊಟ್ಟಿಲ್ರೀ ಮಿಸ್, ಈಗೇ ಫೇಲ್ ಅಂತದ ನೋಡ್ರಿ" ಅಂದಳು.

ಏಸಿ ಇದೆ ಎಂಬ ಸುದ್ದಿ ನಮ್ಮ ಬಂಧುಬಳಗದಲ್ಲಿ ಬೆಂಕಿಯಂತೆ ಹಬ್ಬಿತು. ಕಲಬುರಗಿಯ ಬೇಸಿಗೆ ನಿಮಗೆ ಗೊತ್ತು. ಮಧ್ಯಾಹ್ನ ರಸ್ತೆಯ ಡಾಂಬರು ಚಪ್ಪಲಿಗೆ ಹತ್ತಿಕೊಂಡು ಬರುತ್ತದೆ. ಊರಿನಿಂದ ಬಟ್ಟೆಗೆ, ಪಾತ್ರೆಗೆ, ಹಲ್ಲುನೋವಿಗೆ ಅಂತ ಬಂದವರೆಲ್ಲ "ಹುಡುಗಿ ಹ್ಯಾಂಗ ಕೆಲಸಾ ಮಾಡ್ತಾಳ ನೋಡಿ ಹೋಗೋಣು" ಎಂದು ನನ್ನ ಸೆಂಟರಿನ ಮೆಟ್ಟಿಲು ಹತ್ತುತ್ತಿದ್ದರು. ಒಬ್ಬರೂ ನನ್ನ ಕೆಲಸ ನೋಡಲಿಲ್ಲ. ಏಸಿಯ ಎದುರಿಗೆ ಮುಖ ಎತ್ತಿ, ಕಣ್ಣು ಮುಚ್ಚಿ ಕೂತು, "ಆಹಾ" ಅಂದು ಹೋಗುತ್ತಿದ್ದರು. ಮೆಹಬೂಬ್ ಸರ್ ಒಳ್ಳೆಯ ಮನುಷ್ಯ. "ಬರ್ಲಿ ಬಿಡವ್ವಾ, ಥಂಡಾ ಆಗಿ ಹೋಗ್ಲಿ, ದುವಾ ಕೊಡ್ತಾರ" ಅನ್ನುತ್ತಿದ್ದರು.

ಹಾಗೆ ಬಂದವರಲ್ಲಿ ನಮ್ಮ ಕಾಕಾ ಒಬ್ಬರು. ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ಕಮಲಾಪುರದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರು. ಅವರ ಅಕ್ಷರ ನೋಡಬೇಕಿತ್ತು ನೀವು! ಕರಿ ಹಲಗೆಯ ಮೇಲೆ ಅವರು ಬರೆದ ಸುಭಾಷಿತವನ್ನು ಬೇರೆ ಮಾಸ್ತರರು ಅಳಿಸಲು ಮನಸ್ಸಾಗದೆ ಪಕ್ಕದಲ್ಲಿ ಸಣ್ಣಗೆ ಲೆಕ್ಕ ಬಿಡಿಸುತ್ತಿದ್ದರಂತೆ. ಊರಿನ ಅರ್ಧ ಅಂಗಡಿಗಳ ಬೋರ್ಡು ಅವರ ಕೈಯವು. ಮಾತು ಮಾತ್ರ ಬಹಳ ಕಡಿಮೆ. ಮನೆಯಲ್ಲಿ ಅವರು ಆಡುತ್ತಿದ್ದುದು ಒಂದೊಂದೇ ಶಬ್ದ. "ನೀರು." "ಊಟ." "ಛತ್ರಿ." ಅವರ ಹೆಂಡತಿ, ನಮ್ಮ ಕಾಕು, ತಂದು ಕೊಡುತ್ತಿದ್ದಳು.

ಆ ವರ್ಷ ಕಾಕಾಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ನಾಲಿಗೆ ಹೋಯಿತು. ಸುದ್ದಿ ಬಂದ ದಿನ ಅಪ್ಪ ಜೀಪು ಮಾಡಿಕೊಂಡು ಓಡಿ, ತಮ್ಮನನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ದವಾಖಾನೆಯ ಮೆಟ್ಟಿಲು ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಪ್ಪ ಅಳುವುದನ್ನು ಅಂದೇ ಮೊದಲು ನೋಡಿದ್ದು. ಜೀವ ಉಳಿಯಿತು. ಬಲಗಾಲು ಸ್ವಲ್ಪ ಎಳೆಯುತ್ತ ನಡೆಯುವಷ್ಟಾಯಿತು. ಆದರೆ ಮಾತು ಬರಲಿಲ್ಲ. ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಅಷ್ಟೇ.

ಕಾಕು ಒಂದು ಪಾಟಿ, ಬಳಪ ತಂದು ಎಡಗೈಯಲ್ಲಿ ಹಿಡಿಸಿದಳು. ಕಾಕಾ ಬರೆದರು. ಏಡಿ ನಡೆದ ಹಾಗೆ ಅಡ್ಡಾದಿಡ್ಡಿ ಗೀಟುಗಳು. ಅದನ್ನೇ ಬಹಳ ಹೊತ್ತು ನೋಡಿ, ಅಂಗಿಯ ತೋಳಿನಿಂದ ಒರೆಸಿ, ಪಾಟಿಯನ್ನು ಬೋರಲು ಹಾಕಿದರು. ಮತ್ತೆ ಮುಟ್ಟಲಿಲ್ಲ. ಯಾರು ಎಷ್ಟು ಹೇಳಿದರೂ ಮುಟ್ಟಲಿಲ್ಲ.

ಆಮೇಲೆ ಆದದ್ದು ವಿಚಿತ್ರ. ಮಾತು ಬಾರದ ಮನುಷ್ಯನಿಗೆ ಬುದ್ಧಿಯೂ ಇಲ್ಲವೆಂದು ಜನ ತಿಳಿದರು. ಅವರ ಎದುರಿಗೇ ಅವರ ಸಂಗತಿ ಮಾತಾಡುವುದು. "ಊಟಾ ಮಾಡ್ತಾನ?" ಅಂತ ಕಾಕುವನ್ನು ಕೇಳುವುದು. ಯಾವುದಕ್ಕಾದರೂ ಅವರು ತಲೆ ಅಲ್ಲಾಡಿಸಿದರೆ, "ಪಾಪ, ತಲಿ ನಡಗ್ತದ" ಅನ್ನುವುದು.

ವಾರದಲ್ಲಿ ಕೆಲವು ದಿನ ಕೈಕಾಲಿನ ವ್ಯಾಯಾಮಕ್ಕೆಂದು ಕಾಕು ಅವರನ್ನು ಬಸ್ಸಿನಲ್ಲಿ ಕಲಬುರಗಿಗೆ ಕರೆತರುತ್ತಿದ್ದಳು. ಅದು ಮುಗಿದ ಮೇಲೆ ಬಸ್ಸಿನ ಹೊತ್ತಾಗುವ ತನಕ ನನ್ನ ಸೆಂಟರಿನಲ್ಲಿ ಕೂಡುತ್ತಿದ್ದರು. ಕಾಕು ಬಾಗಿಲ ಹತ್ತಿರ ನೆಲಕ್ಕೆ. ಕಾಕಾ ಹಿಂದಿನ ಕುರ್ಚಿಯಲ್ಲಿ. ಕೈಚೀಲದ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು ತಂದು ಕಾಕು ನನ್ನ ಹುಡುಗರಿಗೆಲ್ಲ ಹಂಚುತ್ತಿದ್ದಳು. ಕಾಕಾ ಮಾತ್ರ ಅಲ್ಲಾಡದೆ ಕೂತು, ಮುಂದಿನವರು ಏನು ಹೊಡೆಯುತ್ತಾರೆ, ಪರದೆಯ ಮೇಲೆ ಏನು ಬರುತ್ತದೆ ಎಂದು ನೋಡುತ್ತಿದ್ದರು. ಏಸಿಗೆ ಬಂದವರು, ಕೂತಿದ್ದಾರೆ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಬ್ಯಾಚು ಮುಗಿದು ಕೋಣೆ ಖಾಲಿಯಾಗಿತ್ತು. ನಾನು ಆಚೆ ನೀರು ಕುಡಿದು ಬರುವಷ್ಟರಲ್ಲಿ ಟಕ್ ಎಂದು ಒಂದು ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು ಟಕ್. ಒಳಗೆ ಬಂದು ನೋಡಿದರೆ ಕಾಕಾ ಮುಂದಿನ ಕುರ್ಚಿಯಲ್ಲಿದ್ದಾರೆ. ಎಡಗೈಯ ತೋರುಬೆರಳಿನಿಂದ ‘ಡಿಐಆರ್’ ಹೊಡೆದು ಎಂಟರ್ ಒತ್ತಿದರು. ಪರದೆಯ ಮೇಲೆ ಸಾಲುಗಳು ಸರಸರ ಹರಿದವು. ಕಾಕಾ ನನ್ನ ಕಡೆ ತಿರುಗಿದರು. ಬಾಯಿಯ ಒಂದೇ ಪಕ್ಕ ಮೇಲಕ್ಕೆ ಹೋಗಿತ್ತು. ಅವರು ನಗುತ್ತಿದ್ದರು! ಲಕ್ವಾ ಹೊಡೆದಂದಿನಿಂದ ಅವರು ಹೇಳಿದ್ದೊಂದು ಕೆಲಸ ಆದದ್ದು ಅದೇ ಮೊದಲು.

ಆಮೇಲೆ ಅವರು ಬೆರಳನ್ನು ಪರದೆಯ ಗಾಜಿನ ಮೇಲೆ ಇಟ್ಟು ಅಕ್ಷರಗಳನ್ನು ಸವರಿದರು. ಡಿ. ಐ. ಆರ್. ನೆಟ್ಟಗೆ, ಒಂದೇ ಅಳತೆಯಲ್ಲಿ, ಗೀಟು ಎಳೆದ ಹಾಗೆ ನಿಂತಿದ್ದವು. ಯಾವ ಕೈಯ ಯಾವ ಬೆರಳು ಒತ್ತಿದರೂ ಅಕ್ಷರ ಸೊಟ್ಟಾಗುವುದಿಲ್ಲ. ಅವರು ಏನು ನೋಡುತ್ತಿದ್ದಾರೆಂದು ನನಗೆ ಆಗ ತಿಳಿಯಿತು.

ಪಕ್ಕದಲ್ಲಿ ಕೂತು ‘ಕಾಪಿ ಕಾನ್’ ಕಲಿಸಿಕೊಟ್ಟೆ. ಬಹಳ ಸರಳ. ಕಾಪಿ ಕಾನ್ ಅಂತ ಹೊಡೆದು ಒಂದು ಹೆಸರು ಕೊಟ್ಟರೆ, ಆಮೇಲೆ ನೀವು ಹೊಡೆದದ್ದನ್ನೆಲ್ಲ ಯಂತ್ರ ಸುಮ್ಮನೆ ಬರೆದುಕೊಳ್ಳುತ್ತದೆ. ಮುಗಿಯಿತು ಅನ್ನಲು ಮೇಲಿನ ಸಾಲಿನ ಒಂದು ಕೀಲಿ ಒತ್ತಬೇಕು. ಓದಬೇಕಾದಾಗ ‘ಟೈಪ್’ ಅಂದರೆ ತೋರಿಸುತ್ತದೆ. ಕನ್ನಡ ಅಕ್ಷರ ಅದರಲ್ಲಿ ಇರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಬೇಕು. ಕಾಕಾ ಒಂದೊಂದೇ ಕೀಲಿ ಹುಡುಕಿ ಹುಡುಕಿ ಹೊಡೆದರು. ನಾನು ಗಟ್ಟಿಯಾಗಿ ಓದಿದೆ.

"ಚಹಾದಾಗ ಸಕ್ಕರಿ ಭಾಳ ಆಗಾಕತ್ತದ."

ಬಾಗಿಲ ಹತ್ತಿರ ಕೂತಿದ್ದ ಕಾಕು ಧಿಗ್ಗನೆ ಎದ್ದಳು. "ಯಾರಂದ್ರು?"

"ಕಾಕಾ, ಕಾಕೂ. ಕಾಕಾ ಬರದಾರ."

"ಅಯ್ಯ ದೇವ್ರೇ! ಶಕ್ತಿ ಬರ್ಲಿ ಅಂತ ಮುಂಜಾನಿ ಸಂಜಿ ಎರಡೆರಡ ಚಮಚಾ ಜಾಸ್ತಿ ಹಾಕಿ ಕೊಡಾಕತ್ತೀನಲ್ಲ!" ಅಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತ ನಗುತ್ತ ಅತ್ತಳು.

ಮುಂದೆ ಕಾಕಾ ಬಂದಾಗಲೆಲ್ಲ ಅದೇ ಕುರ್ಚಿ. ನನಗೆ ಆದ ಆಶ್ಚರ್ಯವೆಂದರೆ, ನಾಲಿಗೆ ಇದ್ದಾಗ ಒಂದು ಶಬ್ದದ ಮೇಲೆ ಎರಡನೆಯದು ಆಡದ ಮನುಷ್ಯ ಈಗ ಸಾಲು ಸಾಲು ಬರೆಯಹತ್ತಿದರು. ಬಸ್ಸಿನಲ್ಲಿ ಮಹಾಗಾಂವ ಕ್ರಾಸಿನಲ್ಲಿ ಹತ್ತಿದವನ ಟೋಪಿಯ ಬಣ್ಣ. ತೊಗರಿ ಹೊಲದ ಹಳದಿ ಹೂವಿಗೆ ಯಾವ ಎರಡು ಬಣ್ಣ ಕಲಸಿದರೆ ಸರಿಹೋಗುತ್ತದೆ ಎಂಬುದು. ನಾನು ಓದುತ್ತಿದ್ದೆ, ಕಾಕು ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದಳು. "ಇಷ್ಟ ಮಾತ ಇವರ ಹೊಟ್ಯಾಗ ಇದ್ವು ಅಂತ ಯಾರಿಗೆ ಗೊತ್ತಿತ್ತವಾ!" ಅನ್ನುತ್ತಿದ್ದಳು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಆಡ್ಲಿ ಬಿಡು, ಟೈಂಪಾಸ್" ಅಂದರು.

ಅಪ್ಪನ ತಲೆಯಲ್ಲಿ ಆಗ ಬೇರೆ ಓಡುತ್ತಿತ್ತು. ಕಾಕಾನ ಒಬ್ಬಳೇ ಮಗಳು ಸುಧಾ. ಮಾಸ್ತರಿಕೆಯ ಟಿಸಿಎಚ್ ಓದುತ್ತಿದ್ದಳು. ಅವಳಿಗೊಂದು ಸಂಬಂಧ ಬಂದಿತ್ತು. ಸೋಲಾಪುರದ ಕಡೆಯವರು, ಸರಕಾರಿ ನೌಕರಿಯ ಹುಡುಗ. ಓದು ಬಿಡಿಸಿ ಬೇಗ ಮದುವೆ ಮಾಡಿಕೊಡಿ ಅನ್ನುವುದು ಅವರ ಷರತ್ತು. ತಮ್ಮನ ಜೀವ ಎಷ್ಟು ದಿನವೋ, ಅವನ ಕಣ್ಣ ಮುಂದೆ ಹುಡುಗಿಯ ಮೇಲೆ ನಾಲ್ಕು ಅಕ್ಕಿಕಾಳು ಬಿದ್ದರೆ ಸಾಕು ಎಂದು ಅಪ್ಪ ತುದಿಗಾಲಲ್ಲಿ ನಿಂತಿದ್ದರು. ಅವರ ಕಾಳಜಿ ಖರೆಯೇ. ಅದರಲ್ಲಿ ಒಂದಿಷ್ಟೂ ಕಪಟ ಇರಲಿಲ್ಲ. ಹಿರಿಯಣ್ಣ, ತಾನೇ ಹೊಣೆ ಅಂದುಕೊಂಡಿದ್ದರು. ಕಮಲಾಪುರಕ್ಕೆ ಹೋಗಿ ತಮ್ಮನಿಗೆ ಎಲ್ಲ ಹೇಳಿ ಬಂದರಂತೆ. "ಏನಂದ್ರು ಕಾಕಾ?" ಅಂತ ಕೇಳಿದೆ. "ಅಂವ ಏನಂತಾನ? ಸುಮ್ಮ ಕುಂತಿದ್ದ. ಒಪ್ಪಿಗಿ ಅದ" ಅಂದರು.

ಸಾಕರಪುಡಾ ಗೊತ್ತಾಯಿತು. ನಮ್ಮ ಕಡೆ ನಿಶ್ಚಿತಾರ್ಥಕ್ಕೆ ಹಾಗನ್ನುತ್ತೇವೆ, ಸಕ್ಕರೆಯ ಪುಡಿಕೆ ಕೈಗಿಟ್ಟರೆ ಮಾತು ಮುಗಿಯಿತು, ಹಿಂದೆ ಹೋಗುವ ಹಾಗಿಲ್ಲ. ಅದರ ಬಟ್ಟೆಬರೆ ತರಲು ಅಪ್ಪ ಆ ದಿನ ರಜೆ ಹಾಕಿ, ತಮ್ಮನನ್ನೂ ಕಾಕುವನ್ನೂ ಜೊತೆಗೆ ಕರೆದೊಯ್ಯಲು ನನ್ನ ಸೆಂಟರಿಗೇ ಬಂದರು. ಮೊದಲ ಸಲ. ಚಪ್ಪಲಿ ಬಿಡುವುದೋ ಬೇಡವೋ ಎಂದು ಅನುಮಾನಿಸಿ, ಮೆಹಬೂಬ್ ಸರ್ ಬರಿಗಾಲಲ್ಲಿ ನಿಂತಿದ್ದನ್ನು ಕಂಡು ಬಿಟ್ಟರು.

"ಏಳೋ ತಮ್ಮಾ. ಬಟ್ಟಿ ಅಂಗಡ್ಯಾಗ ಗದ್ದಲಾ ಆಗೂದ್ರಾಗ ಹೋಗಿ ಬರೋಣು."

ಕಾಕಾ ಏಳಲಿಲ್ಲ.

"ಏ, ಜಲ್ದಿ ಏಳೋ. ನಿನ್ನ ಮಗಳ ಸಾಕರಪುಡಾ ಶುಕ್ರವಾರ ಅದ."

ಕಾಕಾ ತಲೆ ಅಲ್ಲಾಡಿಸಿದರು. ಇಲ್ಲ ಅನ್ನುವ ಹಾಗೆ, ಜೋರಾಗಿ. ಅಪ್ಪ ನನ್ನ ಕಡೆ ನೋಡಿ, "ಇವತ್ತ ನಡುಗೂದು ಜಾಸ್ತಿ ಆಗ್ಯದಲ್ಲ" ಅಂದರು.

ಕಾಕಾನ ಮುಖ ಕೆಂಪೇರಿತು. ಅವರು ಕುರ್ಚಿ ತಿರುಗಿಸಿ ಕೀಬೋರ್ಡಿನ ಮೇಲೆ ಬೆರಳು ಇಟ್ಟರು. ಸಿಟ್ಟಿನಲ್ಲಿ ಕಾಪಿ ಕಾನ್ ಎಲ್ಲ ಮರೆತಿತ್ತು. ಬರಿಯ ಕಪ್ಪು ಪರದೆಯ ಮೇಲೆ, ನೇರ ಆಜ್ಞೆಯ ಜಾಗದಲ್ಲೇ ಹೊಡೆದರು.

‘ಬ್ಯಾಡ.’

ಎಂಟರ್ ಒತ್ತಿದರು. ಯಂತ್ರ ತನ್ನ ಪದ್ಧತಿಯಂತೆ ಉತ್ತರ ಕೊಟ್ಟಿತು. ಅಪ್ಪ ಆಫೀಸಿನಲ್ಲಿ ಇಂಗ್ಲಿಷ್ ಪತ್ರ ಬರೆದು ನುರಿತವರು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ಓದಿದರು.

"ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್."

ಕಾಕುಗೆ ಇಂಗ್ಲಿಷ್ ಬರುವುದಿಲ್ಲ. ಮೊದಲ ಶಬ್ದವೊಂದು ಕಿವಿಗೆ ಬಿದ್ದದ್ದೇ ಅವಳ ಮುಖ ಅರಳಿತು. "ನೋಡ್ರಿ! ಇವರೂ ಬ್ಯಾಡ ಅಂತಾರ, ಮಷೀನೂ ಬ್ಯಾಡ ಅಂತದ!"

"ಏ ಮಬ್ಬಿ, ಗಪ್ಪ ಕೂಡು" ಅಂದರು ಅಪ್ಪ. "ಬ್ಯಾಡ್ ಅಂದ್ರ ಕೆಟ್ಟದ್ದು, ತಪ್ಪು ಅಂತ ಅರ್ಥ. ಇಂವ ಏನೋ ತಪ್ಪು ಹೊಡದಾನ, ಮಷೀನ್ ತಪ್ಪು ಅನ್ನಾಕತ್ತದ."

ಕಾಕಾ ಮತ್ತೆ ಹೊಡೆದರು. ‘ಆಕಿ ಬ್ಯಾಡ ಅಂದಾಳ.’ ಬ್ಯಾಡ್ ಕಮಾಂಡ್. ‘ಈ ಲಗ್ನ ಆಗಬಾರದು.’ ಬ್ಯಾಡ್ ಕಮಾಂಡ್. ಬೆರಳು ತಡವರಿಸುತ್ತಿತ್ತು, ಹಣೆಯ ಮೇಲೆ ಆ ಏಸಿಯಲ್ಲೂ ಬೆವರು. ಅವರು ಏನು ಹೇಳಿದರೂ ಯಂತ್ರ ಅದೇ ಒಂದು ಸಾಲನ್ನು ಅವರ ಮುಖಕ್ಕೆ ಎಸೆಯುತ್ತಿತ್ತು. ಸುಧಾಗೆ ಈ ಮದುವೆ ಬೇಡವಾಗಿದೆ ಎಂಬುದೇ ನನಗೆ ಆಗ ತಿಳಿದದ್ದು.

ಅಪ್ಪ ಸೋತವರ ಹಾಗೆ ನಿಟ್ಟುಸಿರು ಬಿಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು. "ನಾ ಹೇಳಿದ್ದಿಲ್ಲೇನು? ತಲಿ ಕೆಟ್ಟದ ಪಾಪ. ಏನೇನೋ ಹೊಡ್ಯಾಕತ್ತಾನ. ಇಷ್ಟ ಶಾಣ್ಯಾ ಮಷೀನು, ಅದಕ್ಕೂ ತಿಳೀವಲ್ದು ಇವನ ಮಾತು."

"ಅಪ್ಪಾ, ಹಂಗಲ್ರೀ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅಪ್ಪನ ಮಾತಿಗೆ ಅಡ್ಡ ಮಾತು ಅದುವರೆಗೆ ಆಡಿರಲಿಲ್ಲ. "ಅದಕ್ಕ ಕನ್ನಡ ತಿಳ್ಯಂಗಿಲ್ರೀ. ತನ್ನ ಹತ್ತಿಪ್ಪತ್ತ ಶಬ್ದ ಬಿಟ್ರ ಬ್ಯಾರೆ ಯಾರು ಏನ ಹೇಳಿದ್ರೂ ಹಂಗೇ ಅಂತದ. ನೀವ ಹೊಡೀರಿ, ನಿಮಗೂ ಹಂಗೇ ಅಂತದ."

"ನನಗಂತದ?"

"ಹೊಡದ ನೋಡ್ರಿ."

ಅಪ್ಪ ಬಗ್ಗಿ, ತಮ್ಮ ಪೂರ್ತಿ ಹೆಸರನ್ನು ಇನಿಶಿಯಲ್ಲು ಸಹಿತ, ಕೊನೆಗೆ ಬಿಎ ಎಂಬ ಪದವಿಯನ್ನೂ ಸೇರಿಸಿ ಟೈಪ್ ಮಾಡಿದರು. ಎಂಟರ್ ಒತ್ತಿದರು.

ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್.

ಅಪ್ಪನ ಮುಖದ ಬಣ್ಣ ಇಳಿಯಿತು. ಕಲಬುರಗಿಯಲ್ಲಿ ಅವರ ಹೆಸರಿಗೆ ಯಾರೂ ಹಾಗೆ ಅಂದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೆಹಬೂಬ್ ಸರ್ ಗೋಡೆಯ ಕಡೆ ತಿರುಗಿ ಕೆಮ್ಮಿದರು.

ಅಷ್ಟರಲ್ಲಿ ಕಾಕಾ ಸಮಾಧಾನಕ್ಕೆ ಬಂದಿದ್ದರು. ಎಡಗೈಯಿಂದ ಅಣ್ಣನ ತೋಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಪರದೆ ಸಾಫ್ ಮಾಡಿದರು. ‘ಕಾಪಿ ಕಾನ್’ ಎಂದು ಹೊಡೆದು ಒಂದು ಹೆಸರು ಕೊಟ್ಟರು. ಈಗ ಯಂತ್ರ ಬಾಯಿ ಮುಚ್ಚಿಕೊಂಡು ಬರೆದುಕೊಳ್ಳಹತ್ತಿತು. ಟಕ್. ಟಕ್. ಅಪ್ಪನಿಗೆ ಕಾಯುವ ಅಭ್ಯಾಸ ಇರಲಿಲ್ಲ, ಆದರೂ ಕಾದರು. ಕೊನೆಗೆ ಮೇಲಿನ ಕೀಲಿ ಒತ್ತಿ ಎಂಟರ್. ‘ಒಂದು ಫೈಲು ಕಾಪಿ ಆಗಿದೆ’ ಎಂದು ಯಂತ್ರ ಒಪ್ಪಿಸಿತು. ಕಾಕಾ ‘ಟೈಪ್’ ಎಂದು ಹುಕುಮು ಕೊಟ್ಟರು. ಅವರು ಬರೆದದ್ದೆಲ್ಲ ಪರದೆಯ ಮೇಲೆ ಸಾಲುಗಟ್ಟಿ ನಿಂತಿತು. ಓದು ಎಂದು ನನಗೆ ಕಣ್ಣು ಮಾಡಿದರು. ಓದಿದೆ.

"ಅಣ್ಣಾ. ಸುಧಾಗ ಈ ಲಗ್ನ ಬ್ಯಾಡ ಅದ. ಸಾಲಿ ಮುಗಸ್ತೀನಿ ಅಂತಾಳ. ನನ್ನ ಮುಂದ ಕುಂತ ಅತ್ತಾಳ. ನನಗ ಮಾತ ಬರಂಗಿಲ್ಲ ಅಂತ ಎಲ್ಲಾರೂ ಬಂದು ನನ್ನ ಮುಂದ ಹೇಳಿ ಹೋಗ್ತಾರ. ನನಗ ಎಲ್ಲಾ ತಿಳೀತದ. ಆಕಿ ಅಪ್ಪ ನಾನು. ನಾ ಇನ್ನಾ ಸತ್ತಿಲ್ಲ."

ಅಪ್ಪ ನನ್ನನ್ನು ನಂಬದೆ ತಾವೇ ಬಗ್ಗಿ, ತುಟಿ ಅಲ್ಲಾಡಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಕೊನೆಯ ಸಾಲಿಗೆ ಬಂದಾಗ ತುಟಿ ನಿಂತವು. ಹಾಗೆಯೇ ಬಗ್ಗಿ ನಿಂತುಬಿಟ್ಟರು. ಎತ್ತಿಕೊಂಡು ದವಾಖಾನೆಯ ಮೆಟ್ಟಿಲು ಹತ್ತಿಸಿದ ತಮ್ಮ, ತಾವೇ ಉಳಿಸಿಕೊಂಡ ತಮ್ಮ, ನಾನು ಸತ್ತಿಲ್ಲ ಎಂದು ತಮಗೇ ಹೇಳಬೇಕಾಗಿ ಬಂದಿದೆ.

"ಇಷ್ಟ ದಿನಾ ಯಾಕ ಹೇಳ್ಲಿಲ್ಲೋ ತಮ್ಮಾ?" ಅಂದರು. ದನಿ ನೆಲಕ್ಕೆ ಬಿದ್ದಿತ್ತು.

ಕಾಕಾ ಈಗ ಯಾವ ಕಾಪಿ ಕಾನನ್ನೂ ಹಾಕಲಿಲ್ಲ. ಬರೀ ಪರದೆಯ ಮೇಲೆ ಹೊಡೆದರು. ‘ನೀ ಕೇಳ್ಲಿಲ್ಲ.’

ಯಂತ್ರ ಮತ್ತೆ ಬ್ಯಾಡ್ ಕಮಾಂಡ್ ಅಂದಿತು. ಅದನ್ನು ಯಾರೂ ಓದಲಿಲ್ಲ.

ಸಂಬಂಧ ಅಲ್ಲಿಗೇ ನಿಂತಿತು. ಅಪ್ಪ ಆ ವಾರವೇ ಸೋಲಾಪುರಕ್ಕೆ ಹೋಗಿ, ತಾವು ಕೊಟ್ಟ ಮಾತನ್ನು ತಾವೇ ಹಿಂದಕ್ಕೆ ತೆಗೆದುಕೊಂಡು, ಅವರಿಂದ ಅನ್ನಿಸಿಕೊಂಡು ಬಂದರು. ಹಾಗೆ ಅನ್ನಿಸಿಕೊಂಡದ್ದನ್ನು ಯಾರ ಮುಂದೆಯೂ ಆಡಲಿಲ್ಲ. ಸುಧಾ ಟಿಸಿಎಚ್ ಮುಗಿಸಿ ಮಾಸ್ತರಿಣಿಯಾದಳು. ಅವಳ ಮದುವೆ ಆಮೇಲೆ ಅವಳು ಹೂಂ ಅಂದ ಮೇಲೆ ಆಯಿತು. ಇಲ್ಲಿಗೆ ಕತೆ ಮುಗಿದರೆ ಚಂದವಿತ್ತು. ಆದರೆ ಆ ದಿನದ್ದು ಇನ್ನೂ ಸ್ವಲ್ಪ ಇದೆ. ನನಗೆ ಇವತ್ತಿಗೂ ಮರೆಯಲಾಗದ್ದು ಅದೇ.

ಅಪ್ಪ ಕಣ್ಣು ಒರೆಸಿಕೊಂಡು ಬಾಗಿಲ ಕಡೆ ತಿರುಗಿದರು. ಯಾರ ಮೇಲಾದರೂ ಸ್ವಲ್ಪ ಭಾರ ಇಳಿಸಬೇಕಿತ್ತೇನೋ. ಕಾಕುವನ್ನು ಕೇಳಿದರು. "ಇವಂಗಂತೂ ಮಾತ ಬರಂಗಿಲ್ಲ. ನೀನರ ಒಂದ ಮಾತ ನನ್ನ ಕಿವಿ ಮ್ಯಾಲ ಹಾಕಬಾರದಾಗಿತ್ತೇನವಾ?"

ಕಾಕು ಅಪ್ಪನ ಎದುರಿಗೆ ಎಂದೂ ತಲೆ ಎತ್ತಿದವಳಲ್ಲ. ಗಂಡನ ಅಣ್ಣ. ಅವರು ಬಂದರೆ ಸೆರಗು ಹೊದ್ದು ಅಡುಗೆಮನೆ ಸೇರುವವಳು. ಅವಳು ಎದ್ದು ನಿಂತಳು.

"ಹೇಳೀನ್ರೀ."

ಅಪ್ಪ ಕನ್ನಡಕ ತೆಗೆದರು. "ಏನು?"

"ಹೇಳೀನ್ರೀ ಭಾವನೋರೇ. ನೀವ ಕಮಲಾಪುರಕ್ಕ ಬಂದ ದಿನಾನೇ ಹೇಳೀನಿ. ಊಟಕ್ಕ ನೀಡಾಕತ್ತಿದ್ದೆ. ಹುಡುಗಿಗೆ ಮನಸಿಲ್ರೀ ಅಂದೆ. ನೀವು, ಇನ್ನೊಂದ ಭಕ್ಕರಿ ಹಾಕು ಅಂದ್ರಿ. ಹಾಕಿದೆ. ಹೋಗೂ ಮುಂದ ಬಾಗಲದಾಗ ನಿಂತ ಮತ್ತ ಹೇಳಿದೆ. ಚಲೋ ಮಂದಿ ಅದಾರ, ನಿನಗೇನ ತಿಳೀತದ ಅಂದ್ರಿ. ನಿಮ್ಮ ಮನಿಗೆ ಬಂದಾಗ ಈ ಹುಡುಗಿ ಎದುರಿಗೇ ಹೇಳೀನಿ."

ಈ ಹುಡುಗಿ ಎಂದರೆ ನಾನು. ನೆನಪು ಮಾಡಿಕೊಂಡೆ. ಅಡುಗೆಮನೆಯಲ್ಲಿ ಕಾಕು ಏನೋ ಹೇಳುತ್ತಿದ್ದಳು, ನಿಜ. ಹೆಂಗಸರ ಮಾತು ಕುಕ್ಕರಿನ ಸೀಟಿಯ ಹಾಗೆ ಮನೆಯಲ್ಲಿ ಇದ್ದೇ ಇರುತ್ತದೆ.

"ಇವರ ನಾಲಗಿ ಬಿದ್ದದ, ಅದಕ್ಕ ಕೇಳ್ಲಿಲ್ಲ ಅಂತೀರಿ" ಅಂದಳು ಕಾಕು. "ನಂದು ಬಿದ್ದಿಲ್ಲಲ್ರೀ."

ಕಾಕಾ ಹೆಂಡತಿಯನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು. ಮೆಹಬೂಬ್ ಸರ್ ಓಡಿಹೋಗಿ ಒಂದು ಕುರ್ಚಿ ಎಳೆದು ತಂದರು. "ಕೂಡ್ರಿ ಕಾಕೂ, ಕೂಡ್ರಿ" ಅಂದರು. ನನಗೆ ಏನು ಮಾಡಬೇಕೋ ತೋಚದೆ, "ಕಾಕೂ, ನೀವ ಹೇಳ್ರಿ, ನಾ ನಿಮ್ಮದೂ ಇದ್ರಾಗ ಹೊಡೀತೀನಿ" ಎಂದು ಕೀಬೋರ್ಡಿಗೆ ಕೈ ಹಾಕಿದೆ.

ಕಾಕು ತಲೆಯ ಮೇಲಿನ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು.

"ನನಗ್ಯಾಕವಾ ಮಷೀನು? ನನಗ ಬಾಯಿ ಅದ. ಕೂಡ್ರಿ ಎಲ್ಲಾರೂ."

ಅಪ್ಪ ಕೂಡಲು ಕುರ್ಚಿ ಹುಡುಕಿದರು. ಹತ್ತಿರ ಯಾವುದೂ ಇರಲಿಲ್ಲ. ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ನಾನೂ ಕೂತೆ. ಸುಧಾಳಿಂದ ಶುರುವಾದ ಕಾಕುವಿನ ಮಾತು ಅವಳು ಆ ಮನೆಗೆ ಸೊಸೆಯಾಗಿ ಬಂದ ದಿನಕ್ಕೆ ಹೋಯಿತು, ಅಲ್ಲಿಂದ ಮುಂದಕ್ಕೆ ಬಂತು. ಕಮಲಾಪುರದ ಬಸ್ಸು ಹೋಯಿತು. ಅದರ ನಂತರದ ಬಸ್ಸೂ ಹೋಯಿತು. ಯಾರೂ ಎದ್ದಿರಲಿಲ್ಲ.